ನಮ್ಮ ಕ್ರಾಸಿನ ಬೆಂಕಿಪಡೆ

ಸುಂಕದಕಟ್ಟೆಯ ಹತ್ತಿರ ಮಾಗಡಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಾಲ್ಕನೆಯ ಕ್ರಾಸು ನಮ್ಮದು. ಆ ಕ್ರಾಸಿಗೆ ಈಗ ಸ್ವಂತದ್ದೊಂದು ಬೆಂಕಿಪಡೆ ಇದೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಹನ್ನೊಂದು ಮನೆಗಳ ಜನ, ಒಂದು ನೀರಿನ ಟ್ಯಾಂಕರ್, ಮರಳು ತುಂಬಿದ ಬಕೆಟ್ಟುಗಳು, ಒಂದು ಸೀಟಿ. ಅಕ್ಕಪಕ್ಕದ ಬಡಾವಣೆಯವರು ಬಂದು, ಇದು ಹೇಗೆ ಶುರುವಾಯಿತು ಎಂದು ಕೇಳಿದಾಗಲೆಲ್ಲ "ಒಂದು ಸಲ ಬೆಂಕಿ ಬಿದ್ದಿತ್ತು" ಎಂದಷ್ಟೇ ಹೇಳಿ ನಾನು ಕಾಫಿ ತರಲು ಒಳಗೆ ಹೋಗಿಬಿಡುತ್ತಿದ್ದೆ. ಪೂರ್ತಿ ಹೇಳಬೇಕೆಂದರೆ ನನ್ನ ಕಾರಿನಿಂದ ಶುರು ಮಾಡಬೇಕು.

ನಾನು ಕುರುಬರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಶಾಲೆಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಕಾರು ಮದುವೆ ಮುಂಜಿಗೆ, ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಊರಿಗೆ. ನಮ್ಮ ಮನೆಯ ಗೇಟಿನೊಳಗೆ ಅದಕ್ಕೆ ಜಾಗವಿಲ್ಲ. ಕ್ರಾಸಿನ ಬಾಯಲ್ಲಿ, ರಸ್ತೆ ಬಲಕ್ಕೆ ಸೊಟ್ಟಗೆ ತಿರುಗುವಲ್ಲಿ ಒಂದು ಹೊಂಗೆಮರವಿದೆ. ನಾಲ್ಕು ವರ್ಷ ಅದರ ನೆರಳಿನಲ್ಲೇ ನಿಲ್ಲಿಸಿದ್ದೆ. ಬೇರೆ ಯಾರಾದರೂ ಅಲ್ಲಿ ಗಾಡಿ ನಿಲ್ಲಿಸಿದರೆ ನನ್ನ ಜಾಗ ಕಿತ್ತುಕೊಂಡರು ಎನ್ನುವಂತೆ ಸಿಟ್ಟು ಬರುತ್ತಿತ್ತು.

ಆ ತಿರುವು ದಾಟಿ ಎಂಟನೆಯ ಮನೆಯ ಕೆಳಗೆ ಸೋಫಾ ರಿಪೇರಿ ಅಂಗಡಿ ಇತ್ತು. ಫೋಮಿನ ಸುರುಳಿಗಳು ಅಂಗಡಿಯಲ್ಲಿ ಹಿಡಿಸದೆ ಮೆಟ್ಟಿಲ ಮೇಲೂ ಒಂದರ ಮೇಲೊಂದು ನಿಂತಿರುತ್ತಿದ್ದವು. ಮೇಲಿನ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಆಕೆಗೆ ಮಂಡಿನೋವು. ಒಂದೊಂದೇ ಮೆಟ್ಟಿಲು, ಒಂದು ಕೈ ಗೋಡೆಗೆ, ಇನ್ನೊಂದು ಕೈ ಫೋಮಿನ ಸುರುಳಿಗೆ ಊರಿಕೊಂಡು ಇಳಿಯುತ್ತಿದ್ದರು. ನಾವೆಲ್ಲ ಅದನ್ನು ನೋಡುತ್ತ ಓಡಾಡಿದವರೇ.

ಬೇಸಗೆ ಶುರುವಾಗುತ್ತಿದ್ದ ದಿನಗಳು. ಒಂದು ಗುರುವಾರ ಊಟದ ಬೆಲ್ಲಿಗೆ ಸ್ಟಾಫ್ ರೂಮಿಗೆ ಬಂದು ಬ್ಯಾಗಿನಿಂದ ಫೋನು ತೆಗೆದೆ. ಕ್ಲಾಸಿಗೆ ಹೋಗುವಾಗ ಸೈಲೆಂಟ್ ಮಾಡುವುದು ನನ್ನ ಅಭ್ಯಾಸ. ಹತ್ತೊಂಬತ್ತು ಮಿಸ್ಡ್ ಕಾಲ್ ಇದ್ದವು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಕೊನೆಯ ನಂಬರಿಗೆ ಮಾಡಿದೆ. ನಮ್ಮ ಬೀದಿಗೆ ನೀರಿನ ಟ್ಯಾಂಕರ್ ತರುವವರು ಎತ್ತಿದರು.

"ಮೇಡಂ, ಈಗ ಬೇಡ ಬಿಡಿ. ಎಲ್ಲಾ ಆಯ್ತು," ಎಂದರು.

"ಏನಾಯ್ತು?"

"ಸೋಫಾ ಅಂಗಡಿಗೆ ಬೆಂಕಿ ಬಿತ್ತು. ಫೈರ್ ಇಂಜಿನ್ ಬಂತು, ನಿಮ್ ಕಾರಿತ್ತಲ್ಲ ಅಲ್ಲಿ, ತಿರುಗ್ಲಿಲ್ಲ. ಕೀ ಕೇಳೋಣ ಅಂತ ಎಲ್ಲರೂ ಫೋನ್ ಮಾಡಿದ್ರು." ಆಮೇಲೆ, "ಮೇಲಿನ ಮನೆ ಅಮ್ಮನ್ನ ಆಸ್ಪತ್ರೆಗೆ ತಗೊಂಡೋಗಿದಾರೆ," ಎಂದರು.

ಸ್ಕೂಟರ್ ಹೇಗೆ ಓಡಿಸಿಕೊಂಡು ಬಂದೆನೋ ನೆನಪಿಲ್ಲ. ಬೀದಿಯ ತುಂಬ ಕಪ್ಪು ನೀರು ಹರಿದಿತ್ತು, ರಬ್ಬರ್ ಸುಟ್ಟ ವಾಸನೆ ಗಂಟಲಿಗೆ ಅಂಟುತ್ತಿತ್ತು. ನನ್ನ ಕಾರು ಮರದ ಬುಡಕ್ಕೆ ಒತ್ತಿಕೊಂಡು ಓರೆಯಾಗಿ ನಿಂತಿತ್ತು. ಡ್ರೈವರ್ ಪಕ್ಕದ ಗಾಜು ಒಡೆದಿದ್ದರು. ಹ್ಯಾಂಡ್ ಬ್ರೇಕ್ ಇಳಿಸಿದರೂ ಕೀ ಇಲ್ಲದೆ ಸ್ಟೀರಿಂಗ್ ತಿರುಗದೆ, ಹತ್ತು ಹನ್ನೆರಡು ಜನ ಸೇರಿ ಹಿಂಭಾಗವನ್ನು ಎತ್ತೆತ್ತಿ ಪಕ್ಕಕ್ಕೆ ಸರಿಸಿದ್ದರಂತೆ. ಅಷ್ಟು ಹೊತ್ತು ಕಾಯದೆ ಅಗ್ನಿಶಾಮಕದವರಲ್ಲಿ ಇಬ್ಬರು ಏಣಿ ಹೊತ್ತು ಕಾರಿನ ಮೇಲೆಯೇ ಹತ್ತಿ ಓಡಿದ್ದರು. ಬಾನೆಟ್ಟಿನ ಮೇಲೆ ಬೂಟಿನ ಗುರುತು ಸ್ಪಷ್ಟವಾಗಿತ್ತು. ನಾನು ಆ ಗುರುತುಗಳನ್ನೇ ನೋಡುತ್ತ ನಿಂತೆ. ಯಾರೂ ನನ್ನನ್ನು ಬೈಯಲಿಲ್ಲ. ಯಾರಾದರೂ ಬೈದಿದ್ದರೆ ಅಳುವಾದರೂ ಬರುತ್ತಿತ್ತು.

ಡ್ರೈವರ್ ಯಜಮಾನರು ಆ ಹೊತ್ತಿನಲ್ಲಿ ಹೆಂಡತಿಯ ಮಾತ್ರೆ ತರಲು ಮೆಡಿಕಲ್ ಸ್ಟೋರಿಗೆ ಹೋಗಿದ್ದರು. ಆಕೆ ಶನಿವಾರ ಬೆಳಿಗ್ಗೆ ತೀರಿಕೊಂಡರು. ಸುಟ್ಟ ಗಾಯ ಒಂದೂ ಇರಲಿಲ್ಲ, ಹೊಗೆ ಕುಡಿದು ಹೋದರು. ನಾನು ಅಗ್ನಿಶಾಮಕ ಠಾಣೆಗೆ ಹೋಗಿ ಅಂದು ಬಂದಿದ್ದ ಅಧಿಕಾರಿಯನ್ನು ಹುಡುಕಿ, ಕಾರಿಲ್ಲದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ.

"ಫೋಮ್ ಹೊಗೆ ಮೇಡಂ. ಮೂರ್ನಾಲ್ಕು ನಿಮಿಷ ಸಾಕು. ಉಳೀತಿದ್ರು ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ," ಎಂದರು ಅವರು. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಅದಾದ ಎರಡು ದಿನಕ್ಕೆ ಯಜಮಾನರೇ ನಮ್ಮ ಮನೆಗೆ ಬಂದರು. ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ. ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತು ತೆಗೆದರು.

"ಟೀಚರಮ್ಮ, ಒಂದು ಮಾತು," ಎಂದರು. "ನಾನು ಮೂವತ್ತೊಂದು ವರ್ಷ ಬಸ್ ಓಡಿಸ್ದೋನು. ಒಂದು ತಿರುವು ನೋಡಿದ್ರೆ ಅಲ್ಲಿ ದೊಡ್ಡ ಗಾಡಿ ತಿರುಗುತ್ತೋ ಇಲ್ವೋ ಕಣ್ಣಲ್ಲೇ ಗೊತ್ತಾಗುತ್ತೆ. ನಿಮ್ ಕಾರು ಅಲ್ಲಿದ್ರೆ ಫೈರ್ ಗಾಡಿ ತಿರುಗಲ್ಲ ಅಂತ ನನಗೆ ಗೊತ್ತಿತ್ತು. ದಿನಾ ಹಾಲು ತರಕ್ಕೆ ಹೋಗ್ವಾಗ ಅನ್ಕೊತಿದ್ದೆ. ಬಾಡಿಗೆಯವನು ನಾನ್ಯಾಕೆ ಹೇಳ್ಲಿ ಅಂತ ಸುಮ್ನಿದ್ದೆ."

ಅವರು ನನ್ನನ್ನು ದೂರಲು ಬಂದಿಲ್ಲ, ತಮ್ಮ ತಪ್ಪು ಹೇಳಿಕೊಳ್ಳಲು ಬಂದಿದ್ದಾರೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಲೋಟದ ನೀರು ಪೂರ್ತಿ ಕುಡಿದು ಕೈ ಚಾಚಿದರು.

"ಆ ಕಾರಿಂದು ಇನ್ನೊಂದು ಕೀ ಇರುತ್ತಲ್ಲ, ಅದನ್ನ ನನಗೆ ಕೊಡಿ."

ಹೀಗೆ ಶುರುವಾಯಿತು. ಅದೇ ಕ್ರಾಸಿನಲ್ಲಿ ಕೆಳಗಿನ ಒಂದು ರೂಮು ಹಿಡಿದುಕೊಂಡ ಅವರು, ಒಂದು ಹಲಗೆಗೆ ಮೊಳೆ ಹೊಡೆದು ಬಾಗಿಲ ಹಿಂದೆ ತೂಗುಹಾಕಿದರು. ಮೊದಲ ಕೀ ನನ್ನದು. ಆಮೇಲೆ ನಾವಿಬ್ಬರೂ ಪ್ರತಿ ಭಾನುವಾರ ಕಾರಿರುವ ಮನೆಗಳ ಬಾಗಿಲು ತಟ್ಟಿದೆವು. "ಕೀ ಕೊಡೋದಾ? ಗಾಡಿ ಕಳುವಾದ್ರೆ ಯಾರು ಜವಾಬ್ದಾರಿ?" ಎಂದು ಮುಖದ ಮೇಲೆಯೇ ಕೇಳಿದವರಿದ್ದರು. ಒಬ್ಬರು ಬಾಗಿಲು ಪೂರ್ತಿ ತೆರೆಯಲೂ ಇಲ್ಲ. ಯಜಮಾನರು ಯಾರೊಡನೆಯೂ ವಾದ ಮಾಡಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗಿ ಅದೇ ಬಾಗಿಲು ತಟ್ಟುತ್ತಿದ್ದರು. ಮಳೆಗಾಲ ಬರುವಷ್ಟರಲ್ಲಿ ಹಲಗೆಯ ಮೇಲೆ ಹದಿನಾಲ್ಕು ಕೀ ಇದ್ದವು.

ಟ್ಯಾಂಕರಿನವರು ತಾವಾಗಿಯೇ ಸೇರಿದರು. ಈ ಬಡಾವಣೆ ಆಗುವ ಮುಂಚೆ ಇಲ್ಲಿನ ಜಮೀನು ಅವರ ಮನೆಯದೇ. ಯಾವ ಹೊತ್ತಿನಲ್ಲೂ ಒಂದು ಟ್ಯಾಂಕರ್ ತುಂಬಿಸಿಟ್ಟಿರುತ್ತೇನೆ ಎಂದು ಮಾತು ಕೊಟ್ಟರು, ನಡೆಸಿದರು. ಒಂದು ಬೆಳಿಗ್ಗೆ ನಾವು ಮೂವರೂ ಟೇಪು ಹಿಡಿದು ರಸ್ತೆ ಅಳೆಯುತ್ತಿದ್ದಾಗ, ತಿರುವಿನ ಹತ್ತಿರ ಅವರು ಟೇಪು ಬಿಟ್ಟು ನಿಂತುಬಿಟ್ಟರು.

"ಇದು ಮೂವತ್ತಡಿ ರಸ್ತೆ ಇತ್ತು ಮೇಡಂ. ಸರ್ವೆಯೋನು ಕಲ್ಲು ನೆಟ್ಟು ಹೋಗಿದ್ದ. ಎರಡು ಸೈಟು ಜಾಸ್ತಿ ಬರುತ್ತೆ ಅಂತ ನಮ್ಮಪ್ಪ ಕಲ್ಲು ಕಿತ್ತು ರಸ್ತೆ ಒಳಕ್ಕೆ ಹಾಕಿಸ್ತು. ಹಾರೆ ಹಿಡ್ಕೊಂಡಿದ್ದೋನು ನಾನೇ."

ಯಜಮಾನರು ಅವರನ್ನೇ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಯಜಮಾನರು, "ಟೇಪ್ ಎತ್ಕೊಳ್ಳಪ್ಪ," ಎಂದಷ್ಟೇ ಅಂದರು. ರಸ್ತೆ ಇಪ್ಪತ್ತು ಅಡಿಗೆ ಎರಡು ಅಂಗುಲ ಕಡಿಮೆ ಇತ್ತು.

ನಮ್ಮ ಪಡೆಯ ನಾಲ್ಕನೆಯವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸು. ಠಾಣೆಯ ಅಧಿಕಾರಿ ಒಂದು ಭಾನುವಾರ ಖಾಲಿ ಸೈಟಿನಲ್ಲಿ ಗ್ಯಾಸ್ ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಹಿಡಿದು, "ಯಾರು ಬರ್ತೀರಾ?" ಎಂದು ಕೇಳಿದಾಗ ನಾವೆಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದೆವು. ಇಪ್ಪತ್ತೆರಡು ವರ್ಷ ದಹನಕ್ರಿಯೆಯ ಪಾಠ ಮಾಡಿದ ನಾನೂ ಸರಿದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಚೀಲವನ್ನು ತನ್ನ ಕಡೆಯಿಂದ ಆ ಕಡೆಗೆ ನಿಧಾನವಾಗಿ ಹೊದಿಸಿ, ಕೈ ಒಳಗೆ ಹಾಕಿ ರೆಗ್ಯುಲೇಟರ್ ತಿರುಗಿಸಿದಳು. ಬೆಂಕಿ ಆರಿತು. "ಒಗ್ಗರಣೆಗೆ ಮುಚ್ಚಳ ಹಾಕ್ದಂಗೆ ಸಾರ್," ಎಂದಳು.

ಮುಂದಿನ ಬೆಂಕಿ ಬಂದದ್ದು ಕಾರ್ತೀಕದ ಒಂದು ಬೆಳಿಗ್ಗೆ, ಆರೂವರೆಗೆ. ಮೂರು ಮಹಡಿಯ ಮನೆಯೊಂದರ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರ್ ಹೊತ್ತಿಕೊಂಡಿತು. ಸೀಟಿ ಕೇಳಿದಾಗ ನಾನು ಡಿಕಾಕ್ಷನ್ ಇಳಿಸುತ್ತಿದ್ದೆ. ಓಡಿದೆ. ಯಜಮಾನರು ಹಲಗೆಯ ಮುಂದೆ ನಿಂತು ಒಬ್ಬೊಬ್ಬರ ಕೈಗೆ ಒಂದೊಂದು ಕೀ ಇಟ್ಟು ಹೆಸರು ಕೂಗುತ್ತಿದ್ದರು. ನನಗೆ ಬಂದದ್ದು ಯಾರದೋ ಹೊಸ ಆಟೋಮ್ಯಾಟಿಕ್ ಕಾರು. ನಾನು ಅಂಥದ್ದನ್ನು ಮುಟ್ಟಿಯೂ ಇರಲಿಲ್ಲ. ಗೇರು ಅಲುಗಲೊಲ್ಲದು. ಕನ್ನಡಿಯಲ್ಲಿ ಹೊಗೆ ಏಳುವುದು ಕಾಣುತ್ತಿದೆ, ಈ ಸಲವೂ ದಾರಿಗಡ್ಡ ನಿಂತಿರುವವಳು ನಾನೇ ಎಂಬ ಯೋಚನೆಯೊಂದೇ ತಲೆಯಲ್ಲಿ. ಟ್ಯಾಂಕರಿನವರು ಕಿಟಕಿಗೆ ಬಗ್ಗಿ, "ಬ್ರೇಕ್ ತುಳೀರಿ ಮೇಡಂ, ಬ್ರೇಕ್ ತುಳಿದು ಎಳೀರಿ," ಎಂದರು. ತುಳಿದೆ, ಹೊರಟಿತು.

ಹೊಲಿಗೆಯವಳು ಪಕ್ಕದ ಮನೆಯ ಟೆರೇಸಿನಿಂದ ಅಡ್ಡ ಹಾಸಿದ ಮರದ ಹಲಗೆಯ ಮೇಲೆ ದಾಟಿ, ಮೇಲಿನ ಎರಡು ಮನೆಗಳ ಆರು ಜನರನ್ನು ಒದ್ದೆ ದುಪ್ಪಟಿ ಹೊದಿಸಿ ಒಬ್ಬೊಬ್ಬರಾಗಿ ಆಚೆ ಕರೆತಂದಳು. ಕೆಳಗೆ ಟ್ಯಾಂಕರಿನ ನೀರು ಬಿಟ್ಟರು. ಆ ಸ್ಕೂಟರಿನ ಬ್ಯಾಟರಿ ಆರಿತು ಎನ್ನುವಷ್ಟರಲ್ಲಿ ಮತ್ತೆ ಹೊತ್ತಿತು. ಮತ್ತೆ ಆರಿಸಿದರೆ ಮತ್ತೆ ಹೊತ್ತಿತು. ನೀರಿನೊಳಗಿಂದ ಬೆಂಕಿ ಏಳುವುದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಫೈರ್ ಇಂಜಿನ್ ಬಂತು. ತಿರುವಿನಲ್ಲಿ ಒಂದು ಕಾರೂ ಇರಲಿಲ್ಲ. ಗಾಡಿ ಒಂದೇ ಏಟಿಗೆ, ರಿವರ್ಸ್ ಕೂಡ ತೆಗೆದುಕೊಳ್ಳದೆ ತಿರುಗಿ ಒಳಗೆ ಬಂತು. ಯಜಮಾನರು ನನ್ನ ಪಕ್ಕದಲ್ಲಿದ್ದರು. "ತಿರುಗ್ತು," ಎಂದರು. ಹಾಗೇ ರಸ್ತೆಯ ಮೇಲೆ ಕುಸಿದು ಕುಳಿತರು. ಮಗುವಿನ ಹಾಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆರು ಜನ ಬದುಕಿ ನಿಂತಿದ್ದರು, ಬೀದಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತೆ. ಅವರ ಬೆನ್ನ ಮೇಲೆ ಕೈ ಇಡಲು ನನಗೆ ಹಕ್ಕಿದೆಯೇ ಎಂದು ಯೋಚಿಸಿದೆ. ಆಮೇಲೆ ಇಟ್ಟೆ.

ಆ ದಿನದಿಂದ ಕೀ ಕೊಡದವರೂ ತಂದು ಕೊಟ್ಟರು. ಈಗ ಯಜಮಾನರು ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹಲಗೆ ನಮ್ಮ ಮನೆಗೆ ಬಂದಿದೆ. ಅವರು ತಿಂಗಳಿಗೊಮ್ಮೆ ಬಂದು ಒಂದೊಂದು ಕೀಯನ್ನೂ ಕಾರಿಗೆ ಹಾಕಿ ನೋಡಿ ಹೋಗುತ್ತಾರೆ.

ಹೋದ ತಿಂಗಳು ಅವರು ಹಾಗೆ ಬಂದ ಭಾನುವಾರ ಹೊಲಿಗೆಯವಳು ತಡವಾಗಿ ಬಂದು ಸುಮ್ಮನೆ ಕೂತಳು. ಏನಾಯಿತೆಂದು ಕೇಳಿದೆ. ಅವಳ ಫ್ಯಾಕ್ಟರಿಯ ಹಿಂದಿನ ಎಮರ್ಜೆನ್ಸಿ ಬಾಗಿಲಿಗೆ ಯಾವಾಗಲೂ ಬೀಗ. ಕೆಲಸದವರು ಆಚೆ ಹೋಗಿಬಿಡುತ್ತಾರೆ ಎಂದು ಹಾಕಿದ್ದಂತೆ. ಆರು ತಿಂಗಳು ಕೇಳಿ ಕೇಳಿ, ಕೊನೆಗೆ ಆ ವಾರ ಬೀಗ ಒಡೆಸಿದ್ದಳು.

"ಬಾಗ್ಲು ಒಂದು ಗೇಣು ತೆಗೀತು ಟೀಚರಮ್ಮ, ಅಲ್ಲಿಗೆ ನಿಂತೋಯ್ತು," ಎಂದಳು. "ಆಚೆ ಗೋಡೆ. ಪಕ್ಕದ ಬಿಲ್ಡಿಂಗಿನೋರು ಯಾವಾಗಲೋ ಕಟ್ಟಿಬಿಟ್ಟಿದಾರೆ. ಬೀಗ ಇದ್ದಿದ್ರಿಂದ ಯಾರಿಗೂ ಗೊತ್ತೇ ಆಗಿಲ್ಲ. ಮುನ್ನೂರು ಜನ ದಿನಾ ಆ ಬಾಗ್ಲ ಮೇಲಿನ ಎಕ್ಸಿಟ್ ಅನ್ನೋ ಹಸಿರು ಬೋರ್ಡ್ ನೋಡ್ಕೊಂಡು ಹೊಲೀತಿದೀವಿ."

ಯಜಮಾನರು ಕೈಯಲ್ಲಿದ್ದ ಕೀ ಕೆಳಗಿಟ್ಟರು. ಮರುದಿನವೇ ಅವರು ಅವಳನ್ನು ಅಗ್ನಿಶಾಮಕ ಠಾಣೆಗೆ ಕರೆದುಕೊಂಡು ಹೋದರು. ಅಧಿಕಾರಿ ಬಂದು ನೋಡಿದರು, ಈಗ ಫ್ಯಾಕ್ಟರಿಯ ಇನ್ನೊಂದು ಗೋಡೆಯಲ್ಲಿ ಬೇರೆ ಬಾಗಿಲು ಒಡೆಯುತ್ತಿದ್ದಾರೆ. ಅವಳ ಕೆಲಸಕ್ಕೆ ಇನ್ನೂ ಏನೂ ಆಗಿಲ್ಲ.

ಆ ಭಾನುವಾರ ಹೊರಡುವಾಗ ಅವಳು ಚಪ್ಪಲಿ ಮೆಟ್ಟುತ್ತ, "ನಿಮ್ ಸ್ಕೂಲಲ್ಲಿ ಹಿಂದಿನ ಬಾಗ್ಲು ತೆಗೆದು ನೋಡಿದೀರಾ?" ಎಂದು ಕೇಳಿದಳು.

ನೋಡಿರಲಿಲ್ಲ. ಸೋಮವಾರ ಒಂದು ಗಂಟೆ ಮುಂಚೆ ಹೋದೆ. ಲ್ಯಾಬಿನ ಹಿಂಬಾಗಿಲಿಗೆ ಮುರಿದ ಡೆಸ್ಕುಗಳನ್ನು ಸೂರಿನವರೆಗೆ ಒಟ್ಟಿದ್ದರು. ಅಟೆಂಡರನ್ನು ಕರೆದೆ. ಅವರು ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ. ಪ್ರಾರ್ಥನೆಯ ಬೆಲ್ಲು ಹೊಡೆಯುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು.