ಪಾಪರ್ ಎಂಬುದಕ್ಕೆ ನಾನು ಹೇಳಿದ ಅರ್ಥ

ಮೊನ್ನೆ ಮಧುಗಿರಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪಕ್ಕದ ಮೇಜಿನವನು, "ಬಟ್ಟೆ ಅಂಗ್ಡಿಯೋನು ಪಾಪರೆದ್ದು ಹೋದ ಕಣ್ಲಾ" ಎಂದ. ನಾನು ಇಡ್ಲಿ ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಡಿಕ್ಷನರಿ ತೆಗೆದೆ. ದಿವಾಳಿಯಾದವರ ಬಗ್ಗೆ ನೀವೂ ಆಡುವ ಮಾತೇ ಅದು. ಅದರಲ್ಲಿರುವ ಪಾಪರ್ ಇಂಗ್ಲಿಷಿನಿಂದ ಬಂದದ್ದು. ಜೀವಮಾನವೆಲ್ಲ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಪಿಂಚಣಿ ತಿನ್ನುತ್ತಿರುವ ನಾನು ಅದರ ಮೂಲ ಹುಡುಕಿದ್ದು ಅವತ್ತೇ ಮೊದಲು. ಲ್ಯಾಟಿನ್ನಿನಲ್ಲಿ ಅದಕ್ಕೆ ಕಮ್ಮಿ ಹುಟ್ಟುವಳಿಯದು ಎಂಬ ಅರ್ಥವಂತೆ. ಪಾಪಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಸಂಬಂಧ ಕಟ್ಟಿದವನು ನಾನು.

ಪುರವರಕ್ಕೆ ಕೊಟ್ಟಿದ್ದ ಪುಟ್ಟತ್ತೆ ನಮ್ಮಪ್ಪನ ತಂಗಿ. ನಾನಿನ್ನೂ ಕಾಲೇಜಿನಲ್ಲಿದ್ದಾಗ, ಗಂಡ ಸತ್ತ ಮೇಲೆ, ತವರಿನ ಜಮೀನಿನಲ್ಲಿ ಎರಡು ಎಕರೆ ಪಾಲು ಕೇಳಿ ಅಪ್ಪನ ಮೇಲೆ ದಾವೆ ಹಾಕಿದಳು. ಕೋರ್ಟ್ ಫೀಜಿಗೆ ಗತಿಯಿರಲಿಲ್ಲ. "ಪಾಪರ್ ಅಂತ ಅರ್ಜಿ ಹಾಕಿದೀನಿ. ಜಡ್ಜು ಕೇಳಿದಾಗ ಹೌದು ಅನ್ನಮ್ಮ, ಫೀಜು ಮಾಫಿ" ಎಂದರು ಅವಳ ವಕೀಲರು.

ಕೋರ್ಟೆಂದರೆ ದೊಡ್ಡವರ ಜಾಗ ಎಂದು ಅತ್ತೆ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಬಡತನ ಸಾಬೀತು ಮಾಡಲು ಒಳ್ಳೆಯ ಉಡುಪು. ಅಪ್ಪನ ಜೊತೆ ಬಂದಿದ್ದ ನನ್ನನ್ನು ಮರದ ಕೆಳಗೆ ಕರೆದಳು. ಸಿಟ್ಟೇನಿದ್ದರೂ ಅಣ್ಣನ ಮೇಲೆ, ನನ್ನ ಮೇಲಲ್ಲ.

"ಲೇ, ಓದ್ದೋನು ನೀನು. ಪಾಪರ್ ಅಂದ್ರೆ ಏನ್ಲಾ?"

ಬಿ.ಎ. ಎರಡನೇ ವರ್ಷದವನು ಗೊತ್ತಿಲ್ಲ ಎನ್ನುತ್ತಾನೆಯೇ? ಮೀಸೆ ಬೇರೆ ಬಂದಿತ್ತು.

"ಪಾಪ ಮಾಡ್ದೋರು ಅಂತ ಅತ್ತೆ. ಅದ್ಕೇ ಬಡವ್ರಾಗಿರ್ತಾರೆ."

ಅತ್ತೆ ಸೆರಗು ಸರಿಮಾಡಿಕೊಂಡು ನಡೆದಳು. ಒಳಗೆ ಜಡ್ಜು ಕೇಳಿದಾಗ ಕೈಮುಗಿದಳು. "ನಾನು ಪಾಪರ್ ಅಲ್ಲ ಸ್ವಾಮಿ. ಹೊಟ್ಟೆಗಿಲ್ಲ, ಅದು ದಿಟ. ಪಾಪ ಮಾತ್ರ ಮಾಡಿಲ್ಲ."

ಕರಿಕೋಟಿನವರೆಲ್ಲ ನಕ್ಕರು. ಅರ್ಜಿ ವಜಾ ಆಯಿತು, ಫೀಜು ಕಟ್ಟಲಾಗದೆ ದಾವೆಯೂ ಬಿದ್ದುಹೋಯಿತು. ನಾನು ಬೇಕೆಂದು ಹೇಳಿದ್ದಲ್ಲ, ಆಣೆ ಮಾಡುತ್ತೇನೆ. ಆದರೆ ಸಂಜೆ ಅಪ್ಪ ನನಗೆ ಮಸಾಲೆ ದೋಸೆ ಕೊಡಿಸಿದ. ನಾನು ಬೇಡ ಎನ್ನಲಿಲ್ಲ. ಅಪ್ಪ ಹೋದ ಮೇಲೆ ಆ ಎರಡು ಎಕರೆಯೂ ಸೇರಿ ಎಲ್ಲ ನನ್ನ ಹೆಸರಿಗೇ ಬಂತು.

ಡಿಕ್ಷನರಿ ಮುಚ್ಚಿದ ಮೇಲೆ ಮನಸ್ಸು ತಡೆಯದೆ ನಿನ್ನೆ ಪುರವರಕ್ಕೆ ಹೋದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅವತ್ತು ನಾನು ಹೇಳಿದ್ದು ತಪ್ಪು ಅತ್ತೆ. ಪಾಪರ್ ಅಂದ್ರೆ ಬರೀ ಬಡವ್ರು ಅಂತ ಅಷ್ಟೆ."

"ಹಂಗಾ? ಒಳ್ಳೇದಾಯ್ತು ಬುಡು. ಅರ್ಥ ತಿದ್ದಿದ್ದಾಯ್ತಲ್ಲ ಕಣಪ್ಪ, ಪಹಣಿ ಯಾವಾಗ ತಿದ್ದುಸ್ತೀಯ?"

ನಾಚಿಕೆಯಾಯಿತು, ನಿಜವಾಗಿ ಆಯಿತು. "ನೋಡಾನ ಅತ್ತೆ" ಎಂದೆ.

ಅದರ ಅರ್ಥವನ್ನು ಮಾತ್ರ ಅತ್ತೆ ನನ್ನನ್ನು ಕೇಳಲಿಲ್ಲ.