ಹಗ್ಗದ ಮೇಲೆ ಹೊರಟ ಹಿಟ್ಟು ತಿಗಣೆ

ನಾನು ಚಿಕ್ಕವನಿದ್ದಾಗ ನಾವು ದಿಲ್ಲಿಯ ಪೀತಮ್‌ಪುರದಲ್ಲಿ ಬಾಡಿಗೆಗಿದ್ದೆವು. ಅಪ್ಪನದು ಅಲ್ಲೇ ಮಾರ್ಕೆಟ್ಟಿನಲ್ಲಿ ಇಡ್ಲಿ-ದೋಸೆಯ ಹೋಟೆಲು. ಮನೆಯ ಹಿಂದೊಂದು ಹಲಸಿನ ಮರವಿತ್ತು. ಭಾನುವಾರ ಅಕ್ಕ ಅದರ ಎಲೆಗಳಿಗೆ ಕಡ್ಡಿ ಚುಚ್ಚಿ ಬಟ್ಟಲಿನಂಥ ಕೊಟ್ಟೆ ಕಟ್ಟುತ್ತಿದ್ದಳು. ಅದರಲ್ಲಿ ಬೆಂದ ಕಡುಬಿನ ಪರಿಮಳಕ್ಕೆ ಅಪ್ಪನಿಗೆ ತಮ್ಮೂರು ಉಡುಪಿಯೇ ಮನೆಗೆ ಬಂದಷ್ಟು ಖುಷಿ.

ಒಂದು ವರ್ಷ ಬೇಸಿಗೆಯಲ್ಲಿ ಮರಕ್ಕೆ ಹಿಟ್ಟು ತಿಗಣೆ ಮುತ್ತಿತ್ತು. ಮೈಗೆ ಹಿಟ್ಟು ಬಳಿದುಕೊಂಡಂತಿದ್ದ ಆ ಹುಳಗಳು ರಸ ಹೀರಿ, ಎಳೆಗಾಯಿಗಳೆಲ್ಲ ಉದುರಿ, ಅಂಗಳ ಅಂಟಂಟಾಗಿತ್ತು. ಇನ್ನೊಂದು ಸಲ ಹೀಗಾದರೆ ಮರ ಕಡಿಸುವುದಾಗಿ ಮನೆಯ ಮಾಲೀಕರು ಹೇಳಿಬಿಟ್ಟಿದ್ದರು.

ಆ ವರ್ಷ ಚಳಿ ಶುರುವಾಗುತ್ತಲೇ, ಅಪ್ಪ ಕರೆದರೆಂದು ಎದುರಿನ ಪಾರ್ಕಿನ ಮಾಲಿ ಭಯ್ಯಾ ಬಂದರು. ತಾಯಿಹುಳ ಬೇಸಿಗೆಯಲ್ಲಿ ಕೆಳಗಿಳಿದು, ಬುಡದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದಂತೆ. ಚಳಿಗಾಲದಲ್ಲಿ ಮರಿಗಳು ಹೊರಬಂದು ಮರ ಹತ್ತುತ್ತವಂತೆ. ಅವರು ಮಣ್ಣು ಕೆದಕಿ, ಕಾಂಡದ ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿ, ಸುತ್ತ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಅಂಚಿಗೆ ಗ್ರೀಸ್ ಬಳಿದರು. ಮರಿಗಳು ಅದನ್ನು ದಾಟಲಾರವು. "ಮರಕ್ಕೆ ಬೇರೇನೂ ತಾಗಬಾರದು, ಬೇಟಾ" ಎಂದು ನನಗೆ ಹೇಳಿಹೋದರು. ನಾನು ತಲೆಯಾಡಿಸಿದೆ. ಮರುದಿನವೇ ಗೋಡೆಯಿಂದ ಕೊಂಬೆಗೆ ಹಗ್ಗ ಕಟ್ಟಿ, ಹಳೆಯ ಸೀರೆ ಇಳಿಬಿಟ್ಟು ಬ್ಯಾಡ್ಮಿಂಟನ್ ನೆಟ್ ಮಾಡಿಕೊಂಡೆ. ಹೇಳಿದ ಮಾತು ಕೇಳುವ ಜಾಯಮಾನ ನನ್ನದಾಗಿರಲಿಲ್ಲ.

ಜನವರಿಯ ಒಂದು ಭಾನುವಾರ ಬೆಳಗ್ಗೆ ಮಂಜಿನಲ್ಲಿ ನೋಡಿದರೆ, ನುಚ್ಚಕ್ಕಿಯಷ್ಟು ಚಿಕ್ಕ ಮರಿಗಳು ಗೋಡೆ ಹತ್ತಿ, ಹಗ್ಗದ ಮೇಲೆ ಸಾಲುಗಟ್ಟಿ ಮರ ಸೇರುತ್ತಿದ್ದವು. ಹಗ್ಗ ಬಿಚ್ಚಿ ನೀರಿನ ಟ್ಯಾಂಕಿನ ಹಿಂದೆ ಅಡಗಿಸಿದೆ.

ಪಟ್ಟಿಯ ಮೇಲ್ಗಡೆ ಹುಳ ಕಂಡದ್ದೇ ಅಪ್ಪ ಕೆಂಡವಾಗಿ ಭಯ್ಯಾರನ್ನು ಕರೆಸಿದರು. "ಏನು ಭಯ್ಯಾ, ಇದೇನಾ ನಿಮ್ಮ ಕೆಲಸ? ನಿಮ್ಮನ್ನ ನಂಬಿ ಕೆಟ್ಟೆ!" ಎಂದು ಬೀದಿಗೆಲ್ಲ ಕೇಳುವಂತೆ ಬೈದರು. ಭಯ್ಯಾ ಕೊಂಬೆಯ ಮೇಲೆ ಹಗ್ಗ ಉಜ್ಜಿದ ಗುರುತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಹಾಗೆಯೇ ಪಾರ್ಕಿನ ಕಡೆ ಹೊರಟುಹೋದರು.

ಹಗ್ಗದ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾರ ಕಳೆದೆ. ಕೊನೆಗೆ ಅಕ್ಕ, "ನಿನ್ನ ನೆಟ್ ಎಲ್ಲೋ?" ಎಂದಳಷ್ಟೇ, ಗೊಳೋ ಎಂದು ಅತ್ತು ಎಲ್ಲ ಹೇಳಿಬಿಟ್ಟೆ. ಅಪ್ಪ ಹೊಡೆಯಲಿಲ್ಲ. "ಚಲೋ, ನಡಿ, ಇಬ್ರೂ ಹೋಗಿ ತಪ್ಪಾಯ್ತು ಅನ್ನೋಣ" ಎಂದು ಕೈಹಿಡಿದು ಪಾರ್ಕಿಗೆ ಕರೆದೊಯ್ದರು. ಅಲ್ಲಿ ಬೇರೆ ಮಾಲಿ ಇದ್ದರು. ಮೊದಲಿನವರು ಕೆಲಸ ಬಿಟ್ಟು ಎಲ್ಲಿಗೆ ಹೋದರೆಂದು ಅವರಿಗೆ ತಿಳಿಯದು. ಮರವೇನೋ ಉಳಿಯಿತು; ಮೇಲೇರಿದ ಹುಳಗಳನ್ನು ಅಪ್ಪ, ಅಕ್ಕ, ನಾನು ಮೂವರೂ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ತೆಗೆದೆವು.

ಮಕ್ಕಳೇ, ಯಾರು ಎಲ್ಲೇ ಇದ್ದರೂ ನೀವು ಫೋನಿನಲ್ಲಿ ಹುಡುಕಿಬಿಡುತ್ತೀರಿ. "ಹೆಸರು ಹೇಳು ಅಜ್ಜ, ಈಗಲೇ ಸಿಗ್ತಾರೆ" ಎಂದಿರಿ ಮೊನ್ನೆ. ಅವರ ಹೆಸರು ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಭಯ್ಯಾ ಎಂದಷ್ಟೇ ಕರೆಯುತ್ತಿದ್ದೆವು.