ನೆಂಟರಿಗೆ ಬಡಿಸುವ ಊಟ

ಕೋಲಾರದ ಕಾಲೇಜಿನ ಹುಡುಗಿಯರು ಅಶ್ವತ್ಥಮ್ಮನವರಿಗೆ 'ಗ್ರಾಂ ಮೇಡಂ' ಎಂದು ಹೆಸರಿಟ್ಟಿದ್ದರು. ತಪ್ಪೇನಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳ ಊಟ ಗೊತ್ತುಮಾಡುವ ಡಯಟಿಷಿಯನ್‌ಗಳನ್ನು ತಯಾರು ಮಾಡುವುದು ಅವರ ಕೆಲಸ. ತೂಗದೆ ಬರೆದ ಒಂದು ಸಾಲನ್ನೂ ಅವರು ಒಪ್ಪುತ್ತಿರಲಿಲ್ಲ. ಸ್ವಂತ ಊರು ಯಾವುದೆಂದು ಕೇಳಿದಾಗ ಮಾತ್ರ ಆ ಗ್ರಾಂ ಲೆಕ್ಕವೆಲ್ಲ ಎಲ್ಲೋ ಹಾರಿಹೋಗಿ, "ಇಲ್ಲೇ, ಕೋಲಾರದ ಕಡೆ" ಎಂದು ತೇಲಿಸಿಬಿಡುತ್ತಿದ್ದರು. ಹುಟ್ಟಿದ್ದು ರಾಯಲ್ಪಾಡಿನಲ್ಲಿ, ಮಾವಿನ ತೋಪಿಗೆ ಕೂಲಿಗೆ ಹೋಗುತ್ತಿದ್ದ ಮುನಿಯಲ್ಲಮ್ಮನ ಮಗಳಾಗಿ. ಅಷ್ಟು ಹೇಳಿದ್ದರೆ ಬಾಯಿ ಸವೆಯುತ್ತಿತ್ತೇ!

೧೯೭೯ರಲ್ಲಿ ಕೊನೆಯ ವರ್ಷದವರ ಪ್ರಾಯೋಗಿಕ ಪರೀಕ್ಷೆಗೆ ಕಾಲೇಜು ಆರಿಸಿದ್ದು ರಾಯಲ್ಪಾಡನ್ನೇ. ಒಬ್ಬೊಬ್ಬಳಿಗೆ ಒಂದೊಂದು ಮನೆ. ಇಡೀ ದಿನ ಅಲ್ಲಿದ್ದು, ಒಲೆಗೆ ಹೋಗುವ ಮುಂಚೆ ಎಲ್ಲವನ್ನೂ ತೂಗಿ ಬರೆದುಕೊಳ್ಳಬೇಕು. ಮುಳಬಾಗಿಲಿನ ಶಕೀಲಾಗೆ ಸಿಕ್ಕಿದ್ದು ಚಿಕ್ಕಗಂಗಮ್ಮನ ಮನೆ. ಸಂಜೆ ಮೇಡಂ ಅಲ್ಲಿಗೆ ಹೋದಾಗ ಚಿಕ್ಕಗಂಗಮ್ಮ ಅವರ ಮುಖವನ್ನೇ ದಿಟ್ಟಿಸಿದಳು. ಅವರಿಗೂ ಗುರುತು ಸಿಕ್ಕಿತು, ಅಮ್ಮನ ಜೊತೆ ಕೂಲಿಗೆ ಹೋಗುತ್ತಿದ್ದ ಹೆಂಗಸು. ತಟ್ಟನೆ ಮುಖ ತಿರುಗಿಸಿ ಜೀಪಿನ ಕಡೆ ನಡೆದುಬಿಟ್ಟರು.

ಮರುದಿನ ಶಕೀಲಾ ವರದಿ ತಂದಳು. ಅನ್ನ, ಬೇಳೆ ಸಾರು, ತುಪ್ಪ, ಎಲ್ಲವೂ ಗ್ರಾಂ ಲೆಕ್ಕದಲ್ಲಿತ್ತು. ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಳು: 'ಇದು ಈ ಮನೆಯ ದಿನನಿತ್ಯದ ಊಟವಲ್ಲ.'

"ಯಾರು ಹೇಳಿದ್ದು?" ಎಂದರು ಮೇಡಂ.

"ನಾನೇ ನೋಡ್ದೆ ಮೇಡಂ. ಅಕ್ಕಿ ಪಕ್ಕದ ಮನೇದು, ಹಿತ್ತಿಲ ಕಡೆಯಿಂದ ಸೇರಲ್ಲಿ ತಂದ್ರು. ನಾವು ಬರ್ತೀವಿ ಅಂತ ಅನ್ನ ಮಾಡಿದಾರೆ. ಮಕ್ಕಳು ಇವತ್ತು ಹಬ್ಬಾನಾ ಅಂತ ಕೇಳಿದ್ವು. ಇನ್ನೆರಡು ದಿನ ಅಲ್ಲೇ ಇದ್ದು ತೂಗಿದ್ರೆ ನಿಜ ಗೊತ್ತಾಗುತ್ತೆ."

ಅಶ್ವತ್ಥಮ್ಮನವರಿಗೆ ಕಿವಿಯೆಲ್ಲ ಬಿಸಿಯಾಯಿತು. ಶಾಲೆಯ ಮೇಷ್ಟ್ರು ಮನೆಗೆ ಬಂದ ದಿನ ಅಮ್ಮನೂ ಹೀಗೇ ಅಕ್ಕಿ ತಂದಿದ್ದಳು. ತಾನೂ ಹಬ್ಬವಾ ಎಂದು ಕೇಳಿ ತೊಡೆ ಚಿವುಟಿಸಿಕೊಂಡಿದ್ದುಂಟು. ಹುಡುಗಿ ಬರೆದದ್ದು ನಿಜವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾಲೇಜಿನಲ್ಲೇ ಇರಲಿಲ್ಲ. ಆದರೆ ಹೌದೆಂದರೆ, ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿಬಿಟ್ಟರೆ?

"ತಕ್ಕಡಿ ಹೇಳಿದ್ದಷ್ಟೇ ಬರಿ. ಕತೆ ಕಟ್ಟಬೇಡ."

ಶಕೀಲಾ ಆ ಸಾಲು ಹೊಡೆದುಹಾಕಲಿಲ್ಲ. ಮೇಡಂ ಅವಳನ್ನು ಫೇಲ್ ಮಾಡಿದರು. ಹುಡುಗಿಯ ಒಂದು ವರ್ಷ ಹಾಳಾಯಿತು. ಮುಂದಿನ ವರ್ಷ ಅವಳು ಪಾಸಾಗಿ ಹೋಗುವವರೆಗೂ, ವರಾಂಡದಲ್ಲಿ ಎದುರಾದರೆ ಮೇಡಮ್ಮೇ ತಲೆ ತಗ್ಗಿಸಿ ಪಕ್ಕದ ಕೋಣೆ ಹೊಕ್ಕುಬಿಡುತ್ತಿದ್ದರು. ಅಂಥ ನಾಚಿಕೆಗೇಡು ಅದು.

೧೯೮೭ರ ಮಾವಿನ ಕಾಲದಲ್ಲಿ, ನಿವೃತ್ತರಾಗಿದ್ದ ಅಶ್ವತ್ಥಮ್ಮ ಸಕ್ಕರೆ ಕಾಯಿಲೆ ಏರಿ ಕೋಲಾರದ ಒಂದು ಆಸ್ಪತ್ರೆ ಸೇರಿದರು. ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಹಾಸಿಗೆಯ ಪಕ್ಕ ನಿಂತು, "ನಿನ್ನೆ ಏನು ಊಟ ಮಾಡಿದ್ರಿ ಅಮ್ಮ?" ಎಂದಳು.

"ಎರಡು ಚಪಾತಿ, ಸೊಪ್ಪಿನ ಪಲ್ಯ, ಮಜ್ಜಿಗೆ," ಎಂದು ಅವರು ಪಾಠ ಒಪ್ಪಿಸಿದರು. ತಿಂದದ್ದು ತಂಗಳು ಮುದ್ದೆ, ಮೇಲೆ ನಾಲ್ಕು ಮಾವಿನಹಣ್ಣು.

"ಪೆನ್ಸಿಲಲ್ಲಿ ಬರ್ಕೊಳಮ್ಮ," ಎಂದಿತು ಹಿಂದಿನಿಂದ ಒಂದು ದನಿ. "ಮೊದಲನೇ ದಿನ ಎಲ್ಲರೂ ನೆಂಟರಿಗೆ ಬಡಿಸೋ ಊಟಾನೇ ಹೇಳ್ತಾರೆ. ಮೂರನೇ ದಿನ ಬಂದು ಮತ್ತೆ ಕೇಳು."

ಶಕೀಲಾ. ಈಗ ಅಲ್ಲಿ ಕಲಿಸುವವಳು ಅವಳೇ. ದನಿಯಲ್ಲಿ ಒಂದಿಷ್ಟು ಕುಟುಕಾದರೂ ಇದ್ದಿದ್ದರೆ ಅಶ್ವತ್ಥಮ್ಮನವರಿಗೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ.

"ಮೂರನೇ ದಿನ ಬೇಡ," ಎಂದರು. ಮುದ್ದೆ, ಮಾವಿನಹಣ್ಣು ಎರಡನ್ನೂ ಹೇಳಿದರು. "ಶಕೀಲಾ, ಅವತ್ತು ನೀನು ಬರೆದಿದ್ದೇ ನಿಜ ಕಣಮ್ಮ. ನಂಗೆ ಗೊತ್ತಿತ್ತು. ನಾನು ಆ ಊರೋಳೇ."

"ಗೊತ್ತು ಮೇಡಂ. ನೀವು ಹೋದ ಮೇಲೆ ಚಿಕ್ಕಗಂಗಮ್ಮ ಹೇಳಿದ್ರು, ನಿಮ್ಮ ಮೇಡಮ್ಮು ನಮ್ಮ ಮುನಿಯಲ್ಲಮ್ಮನ ಮಗಳು ಅಂತ."

"ಫೇಲ್ ಮಾಡಿದಾಗಲೂ ಯಾರ ಹತ್ರಾನೂ ಬಾಯಿ ಬಿಡಲಿಲ್ವಲ್ಲೇ!"

"ಅವರೇ ಬೇಡ ಅಂದಿದ್ರು. ಅವಳಿಗೆ ನಾಚಿಕೆ ಆಗುತ್ತೆ, ಪಾಪ, ಯಾರಿಗೂ ಹೇಳಬೇಡಮ್ಮ ಅಂತ."